ಎಡ ಅಂಚಿನ ತೂತುಗಳು

ನಮ್ಮೂರಿನ ದೊಡ್ಡ ಹೊದಿಕೆಯ ಎಡ ಅಂಚಿಗೆ ದಾರವಿಲ್ಲದ ತೂತುಗಳನ್ನು ಹಾಕಬೇಕು. ಇನ್ನೂರ ಹದಿನಾಲ್ಕು. ಎಲುಬಿನ ದಬ್ಬಣದಿಂದ, ಎರಡು ತೂತುಗಳ ನಡುವೆ ಎರಡು ಜೋಳದ ಕಾಳು ಹಿಡಿಯುವಷ್ಟು ಜಾಗ ಬಿಟ್ಟು, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಂದೇ ಸಾಲು. ಅವುಗಳಲ್ಲಿ ಏನನ್ನೂ ಪೋಣಿಸುವುದಿಲ್ಲ, ಅವು ಯಾವುದಕ್ಕೂ ಸೇರುವುದಿಲ್ಲ. ನಾನು ಮೊದಲ ಸಲ ದಬ್ಬಣ ಹಿಡಿದ ದಿನ ಬಾಳವ್ವತ್ತೆ ಹೇಳಿದ್ದು ಇಷ್ಟೇ: "ಯಾಕ ಅಂತ ಕೇಳಬ್ಯಾಡ ನೀಲಾ. ಎಣಿಸು."

ಕೇಳುವ ಸ್ವಭಾವ ನನ್ನದಲ್ಲ. ಹಾಗಾಗಿ ಎಣಿಸಿದೆ.

ಬಾಳವ್ವತ್ತೆ ನನ್ನ ಅಪ್ಪನ ಅಕ್ಕ. ನಾನು ಹುಟ್ಟಿದಾಗಿನಿಂದ ಅವಳ ಮನೆಯಲ್ಲೇ ಬೆಳೆದೆ. ನಲವತ್ತು ವರ್ಷ ಈ ಊರಿನ ಹೊದಿಕೆ ಹೊಲಿದವಳು ಅವಳು. ನಾನು ಇತಿಹಾಸ ಓದಿ ಪದವಿ ಪಡೆದು ಮರಳಿ ಬರುವ ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಮುಚ್ಚತೊಡಗಿತ್ತು; ಈ ವರ್ಷ ಬಾಗಿಲಿನಿಂದ ಬರುವ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಊರವರು ನನ್ನನ್ನು ಕಲಿತು ಬಂದ ಮೂಗಿ ಎನ್ನುತ್ತಿದ್ದರು. ನಾನು ಮೂಗಿಯಲ್ಲ. ಮಾತು ನನ್ನಲ್ಲಿ ತಡವಾಗಿ ಬರುತ್ತದೆ, ಅದು ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಾರೆ. ಉಳಿದ ಮಾತನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಹಳೆಯ ಡೈರಿಗಳು ಒಂದು ಟ್ರಂಕಿನ ತುಂಬ ಇವೆ.

ಊರಿನ ಪಡುವಣಕ್ಕೆ ಮಲಗುವ ಬಯಲು. ಸುಗ್ಗಿ ಮುಗಿದು ಬಿಸಿಲು ಬಲಿಯುವಾಗ ವರ್ಷಕ್ಕೊಂದು ದಿನ ಅಲ್ಲಿ ಮಲಗುತ್ತೇವೆ. ಈ ಊರು ಕಟ್ಟಲು ಬಂದವರು ಹತ್ತೊಂಬತ್ತು ಮಂದಿ. ರಾತ್ರಿ ನಡೆದು ಹಗಲು ಮಲಗುತ್ತ ಬಂದವರು. ಈ ಬಯಲಿನಲ್ಲಿ ಮಲಗಿದ ಹಗಲು ಎಂಥದೋ ಚಳಿ ಬಿತ್ತು. ಮಧ್ಯಾಹ್ನ ಎದ್ದವರು ಹದಿನೆಂಟೇ ಮಂದಿ. ಏಳದೆ ಉಳಿದವಳ ಹೆಸರು ಯಾರಿಗೂ ತಿಳಿಯದು. ಹೊರಗಿನಾಕಿ ಎನ್ನುತ್ತೇವೆ. ಅವಳಿಗೆ ಹೊದಿಕೆ ಇರಲಿಲ್ಲ ಎನ್ನುವುದು ಕಥೆ.

ಮಲಗುವ ದಿನ ಬಯಲಿನಲ್ಲಿ ನಿಂತವರಿಗೆ ಬೆವರು ಇಳಿಯುತ್ತದೆ, ಮಲಗಿದವರಿಗೆ ಆ ಹಳೆಯ ಚಳಿ ಹಿಡಿಯುತ್ತದೆ. ಚಳಿ ಮೊಣಕಾಲಿನಿಂದ ಕೆಳಗೆ ನೀರಿನ ಹಾಗೆ ನಿಂತಿರುತ್ತದೆ. ನಿಂತವರ ಪಾದವೂ ಜುಮ್ಮೆನ್ನುತ್ತದೆ. ಕಂಬಳಿ, ರಜಾಯಿ, ಪಟ್ಟಣದ ಸ್ವೆಟರ್ ಯಾವುದೂ ಅಲ್ಲಿ ನಡೆಯುವುದಿಲ್ಲ. ಒದ್ದೆ ಎಲೆ ಹೊದ್ದ ಹಾಗಾಗುತ್ತದೆ. ಮೊದಲು ಬಂದವರು ಅಂದು ಹೊದ್ದಿದ್ದು ಕುರಿಯ ಚರ್ಮ. ತಂಗಡಿ ತೊಗಟೆಯಲ್ಲಿ ಹದ ಮಾಡಿದ, ಉಣ್ಣೆ ತೆಗೆಯದ ಚರ್ಮವನ್ನು ಕುರಿ ಕರುಳಿನ ದಾರದಿಂದ, ಎಲುಬಿನ ಸೂಜಿಯಿಂದ ಹೊಲಿದದ್ದು. ಹಾಗೆ ಹೊಲಿದದ್ದು ಮಾತ್ರ ಬೆಚ್ಚಗಿರುತ್ತದೆ. ಎಪ್ಪತ್ತೆರಡು ಚರ್ಮ, ಹದಿನೆಂಟು ಮಂದಿಗೆ ಒಂದೇ ಹೊದಿಕೆ. ಮಲಗುವ ದಿನ ಮುಗಿದ ಮೇಲೆ ಅದನ್ನು ಬಿಚ್ಚಿ, ಆ ವರ್ಷ ಕೂಸು ಹುಟ್ಟಿದ ಮನೆಗಳಿಗೆ ಹಾಸಿಗೆಗೆಂದು ನಾಲ್ಕು ನಾಲ್ಕು ಚರ್ಮ ಹಂಚುತ್ತಾರೆ. ಮುಂದಿನ ವರ್ಷಕ್ಕೆ ಮತ್ತೆ ಹೊಸದು.

ಒಂದು ವರ್ಷ ಊರವರು ಮಲಗಲಿಲ್ಲವಂತೆ. ಬ್ಯಾಸರಾಗಿತ್ತು, ಸುಮ್ಮನೆ ಬಿಟ್ಟರಂತೆ. ಆ ಸಲ ಚಳಿ ಬಯಲು ದಾಟಿ ಊರೊಳಗೆ ಬಂದು ತೊಟ್ಟಿಲುಗಳಲ್ಲಿ ಕೂತಿತು. ಮೂರು ಕೂಸು ಹೋದವು. ಅದರಲ್ಲೊಂದು ಇರಸಂಗಪ್ಪ ಮಾಸ್ತರರ ತಂಗಿ. ಆಗ ಅವರಿಗೆ ಎಂಟು ವರ್ಷ. ಈಗ ಮಲಗುವ ದಿನವನ್ನು ನಡೆಸುವವರು ಅವರೇ. ಯಾರು ಎಲ್ಲಿ ಮಲಗಬೇಕು, ಯಾರು ಕೆಮ್ಮಬೇಕು, ಯಾರು ಬಲಗೈ ತಲೆದಿಂಬು ಮಾಡಿಕೊಳ್ಳಬೇಕು ಎಲ್ಲವೂ ಅವರಿಗೆ ಬಾಯಿಪಾಠ. ಅವರು ಸ್ವತಃ ಎಡ ಅಂಚಿನವರು. ಸೊಂಟದಲ್ಲಿ ಎಲುಬಿನ ಹಿಡಿಯ ಚಾಕು ಸಿಕ್ಕಿಸಿಕೊಂಡು ಮಲಗುತ್ತಾರೆ. ಅವರ ಹಿಂದಿನವರೂ ಹಾಗೇ ಮಲಗುತ್ತಿದ್ದರು. ಚಾಕು ಯಾಕೆ ಎಂದು ಯಾರೂ ಕೇಳಿಲ್ಲ. ಅವರ ಎಡಕ್ಕೆ, ಹೊದಿಕೆಯ ಆಚೆ, ಬರಿ ನೆಲದ ಮೇಲೆ ಹೊರಗಿನಾಕಿಯಾಗಿ ಒಬ್ಬ ಹೆಂಗಸು ಮಲಗಬೇಕು. ಹೊತ್ತು ಒಂದಾಳೆತ್ತರ ಏರಿದಾಗಿನಿಂದ ನೆರಳು ಕಾಲ ಕೆಳಗೆ ಬರುವವರೆಗೆ. ನಡುವೆ ಎದ್ದರೆ ಮಲಗದ ಹಾಗೇ ಲೆಕ್ಕ.

ಹೊರಗಿನಾಕಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಹದಿನೆಂಟು ದಾಟಿದ ಎಲ್ಲ ಹೆಂಗಸರ ಹೆಸರೂ ಕೊಡದಲ್ಲಿ ಇರುತ್ತದೆ, ಹೊದಿಕೆ ಹೊಲಿಯುವವಳ ಹೆಸರೊಂದು ಬಿಟ್ಟು. ಅವಳು ನಿಂತೇ ಇರಬೇಕು, ಹೊದಿಕೆ ಎಳೆದು ಹೊದಿಸಬೇಕು, ಎಲ್ಲಾದರೂ ಹೊಲಿಗೆ ಬಿಟ್ಟರೆ ಅಲ್ಲೇ ಹಾಕಬೇಕು.

ಈ ವರ್ಷ ಶಾಲೆಯ ಪಡಸಾಲೆಯಲ್ಲಿ ಊರೆಲ್ಲ ಸೇರಿದಾಗ ಬಾಳವ್ವತ್ತೆ ನನ್ನ ಭುಜ ಹಿಡಿದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಈ ಸಲದ ಹೊದಿಕಿ ನಮ್ಮ ನೀಲಾ ಹೊಲಿದಾಳ. ಮುಟ್ಟಿ ನೋಡೀನಿ. ನಂದಕ್ಕಿಂತ ಸಣ್ಣ ಹೊಲಿಗಿ."

ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಮಾಸ್ತರರು ಒಂದು ಚೀಟಿ ಹರಿದು, ಏನೋ ಬರೆದು, ಮಡಚಿ ಕೊಡಕ್ಕೆ ಹಾಕಿದ್ದನ್ನು ನೋಡಿದೆ. ಅದು ಯಾರ ಹೆಸರೆಂದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಕೊಡ ಕುಲುಕಿದರು. ಒಂದು ಕೂಸಿನ ಕೈ ಹಿಡಿದು ಕೊಡದೊಳಗೆ ಬಿಟ್ಟರು. ಚೀಟಿ ಬಿಚ್ಚಿದ ಮಾಸ್ತರರು ಎರಡು ಸಲ ಓದಿಕೊಂಡರು.

"ಬಾಳವ್ವ," ಎಂದರು.

ಮೊದಲು ನಕ್ಕವಳು ಅತ್ತೆಯೇ. "ಹೌದನ್ರೀ ಮಾಸ್ತರ? ನಲವತ್ತು ವರ್ಷ ತಪ್ಪಿಸ್ಕೊಂಡಿದ್ದೆ ನೋಡ್ರಿ. ಒಂದ ದಿನ ಸೂಜಿ ಕೆಳಗಿಟ್ಟೆ, ಹಿಡಿದ್ರಿ."

ಅವಳಿಗೆ ಅರವತ್ತೆಂಟು. ನನಗೆ ತಿಳಿದಂತೆ ಇಬ್ಬರು ಹೊರಗಿನಾಕಿಯರು ಮಧ್ಯಾಹ್ನ ಎದ್ದಿಲ್ಲ. ಇಬ್ಬರೂ ಅವಳಿಗಿಂತ ಚಿಕ್ಕವರು. "ಹೊದಿಕೆ ಇನ್ನೂ ಮುಗಿದಿಲ್ಲ, ಅಂಚು ಅತ್ತೆಯೇ ಹೊಲಿಯಬೇಕು" ಎಂದು ನಾನು ಅಲ್ಲೇ ಒಂದು ಸುಳ್ಳು ಹೇಳಬಹುದಿತ್ತು. ಮಾಸ್ತರರೂ ಅದನ್ನೇ ಕಾಯುತ್ತಿದ್ದರೇನೋ, ನನ್ನ ಮುಖ ನೋಡಿದರು. ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಜನ ಚಪ್ಪಲಿ ಹುಡುಕತೊಡಗಿದ್ದರು.

ಮರುದಿನ ದುಂಡವ್ವ ಬಂದಳು. ಪೇಟೆಯಲ್ಲಿ ಮಿರ್ಚಿ ಭಜಿ ಕರಿಯುವವಳು, ಹೋದ ವರ್ಷದ ಹೊರಗಿನಾಕಿ. ಅಂದಿನಿಂದ ಅವಳ ಕೈಗೆ ಬಿಸಿ ತಿಳಿಯುವುದಿಲ್ಲ. ಜಾಲರಿ ಸೌಟು ಮರೆತ ದಿನ ಬೆರಳಿನಿಂದಲೇ ಕುದಿಯುವ ಎಣ್ಣೆಯೊಳಗಿನ ಭಜಿ ಹೊರಳಿಸುತ್ತಾಳೆ. ಗಿರಾಕಿಗಳು ಮೊದಮೊದಲು ಬೆಚ್ಚಿದರು, ಈಗ ಅದನ್ನು ನೋಡಲೆಂದೇ ಬರುತ್ತಾರೆ. ಅವಳ ಹತ್ತೂ ಬೆರಳಿನ ತುದಿ ಸುಲಿದ ಕಡಲೆಯ ಹಾಗೆ ಬೆಳ್ಳಗೆ ನುಣುಪಾಗಿವೆ.

"ಹೆದರಬ್ಯಾಡ ಬಾಳಕ್ಕ," ಎಂದು ಭಜಿಯ ಪೊಟ್ಟಣ ಬಿಚ್ಚಿದಳು. "ಮೊದಲ ಪಾದ ಹೋಕ್ಕಾವ. ಆಮ್ಯಾಲ ಕೈ. ಆಮ್ಯಾಲ ಚೊಲೋ ಅನ್ನಿಸ್ತೈತಿ. ಚೊಲೋ ಅನ್ನಿಸಿದಾಗ ಮಾತ್ರ ನಿದ್ದಿ ಮಾಡಬ್ಯಾಡ."

"ನಿದ್ದಿ ಬಂದ್ರ?"

"ಬೈಕೊಂತ ಬಿದ್ದಿರು. ನಾ ನಮ್ಮ ಅತ್ತೀನ ಬೈಕೊಂತ ಮಲಗಿದ್ದೆ. ಬಯ್ಯಾಕ ಭಾಳ ಇತ್ತು, ಅದಕ್ಕ ಉಳದೆ."

ಇಬ್ಬರೂ ನಕ್ಕರು. ಅತ್ತೆ ಕೈ ಚಾಚಿ ದುಂಡವ್ವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಗು ಅಲ್ಲಿಗೆ ಮುಗಿಯಿತು. ದುಂಡವ್ವ ಹೊರಡುವಾಗ ಬಾಗಿಲ ಹತ್ತಿರ ನನ್ನ ಕಿವಿಯಲ್ಲಿ ಹೇಳಿದಳು: "ಬಗಲಾಗ ಆ ಹದಿನೆಂಟು ಮಂದಿ ಉಸಿರಾಡೋದು ಕೇಳಸ್ತಿರ್ತೈತಿ ತಂಗಿ. ಕೈ ಚಾಚಿದ್ರ ಉಣ್ಣಿ ಸಿಗ್ತೈತಿ. ಚಾಚಂಗಿಲ್ಲ. ಚಳಿಗಿಂತ ಅದ ಕೆಟ್ಟದ್ದು."

ನಾನು ಹೊಲಿದ ಹೊದಿಕೆಯಿಂದಲೇ ಅತ್ತೆ ಹೊರಗೆ ಬಿದ್ದಳು. ಆ ದಿನ ಡೈರಿಯಲ್ಲಿ ಈ ವಾಕ್ಯ ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ. ಸೂಜಿಯನ್ನು ಅವಳ ಮುಂದೆ ಇಟ್ಟು, "ವಾಪಸ್ ತಗೊಳ್ಳತ್ತಿ" ಎಂದೆ. ಅವಳು ಸೂಜಿಯನ್ನು ತಡವಿ, ಹುಡುಕಿ, ನನ್ನ ಕಡೆಗೇ ನೂಕಿದಳು.

"ಕೊಟ್ಟ ಸೂಜಿ ಇಸ್ಕೊಳ್ಳಂಗಿಲ್ಲ. ಕುರುಡಿ ಹೊಲಿದ ಹೊದಿಕ್ಯಾಗ ಹದಿನೆಂಟು ಮಂದಿನ ಮಲಗಸ್ತೀಯೇನ? ನಂದೊಬ್ಬಾಕಿದು ಜೀವ ಉಳಸಾಕ?"

"ನಿನ್ನ ಬದಲಿ ನಾ ಮಲಗ್ತೀನಿ."

"ನೀ ಮಲಗಿದ್ರ ಹೊಲಿಗಿ ಬಿಟ್ಟಲ್ಲಿ ಯಾರು ಹಾಕ್ತಾರ? ಸುಮ್ಮನ ಕೂಡು. ತೂತು ಹಾಕೀಯೇನ ಇನ್ನೂ?"

ಹಾಕಿರಲಿಲ್ಲ. ತೂತು ಹಾಕುವುದು ಕೊನೆಯ ಕೆಲಸ. ಅದಕ್ಕೆ ಮೊದಲು ತಾಯಿಹೊದಿಕೆಯನ್ನು ನೋಡಿ ಬರಬೇಕು. ಮೊದಲು ಬಂದವರು ಹೊದ್ದಿದ್ದ ಆ ಹೊದಿಕೆಯಲ್ಲಿ ಈಗ ಉಳಿದಿರುವುದು ಎಡಗಡೆಯ ಎರಡು ಗೇಣು ಅಗಲದ ಪಟ್ಟಿ ಮಾತ್ರ. ಅದು ಮಾಸ್ತರರ ಮನೆಯಲ್ಲಿ, ಬೇವಿನೆಲೆ ತುಂಬಿದ ಪೆಟ್ಟಿಗೆಯಲ್ಲಿದೆ. ಹೊಲಿಯುವವಳು ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು, ಹೊಸ ಹೊದಿಕೆಯ ಅಂಚನ್ನು ಪಕ್ಕಕ್ಕಿಟ್ಟು, ತೂತಿಗೆ ತೂತು ಗುರುತು ಹಾಕಿಕೊಳ್ಳುತ್ತಾಳೆ.

ಮಾಸ್ತರರ ಪಡಸಾಲೆಯಲ್ಲಿ ಚಾಪೆ ಹಾಸಿ ಪಟ್ಟಿಯನ್ನು ಬಿಡಿಸಿದೆ. ಅವರ ಸೊಸೆ ತೊಟ್ಟಿಲು ತೂಗುತ್ತಿದ್ದಳು. ಅವರ ಮೊಮ್ಮಗಳಿಗೆ ಆಗ ನಾಲ್ಕು ತಿಂಗಳು. ಹೋದ ವರ್ಷವೂ ಅತ್ತೆಯ ಜೊತೆ ಬಂದು ನಾನೇ ಗುರುತು ಹಾಕಿದ್ದೆ, ಆದರೆ ಆಗ ಎಣಿಸುವುದರಲ್ಲೇ ಇದ್ದೆ. ಈ ಸಲ ಎಣಿಕೆ ಮನಸ್ಸಿನಲ್ಲಿ ನಿಲ್ಲಲಿಲ್ಲ. ಒಂದು ತೂತನ್ನೇ ನೋಡುತ್ತ ಕೂತೆ.

ಅದು ದುಂಡಗಿರಲಿಲ್ಲ.

ಚರ್ಮ ಹೊಲಿದವರಿಗೆ ಇದು ಗೊತ್ತಿರುತ್ತದೆ. ದಬ್ಬಣ ಚುಚ್ಚಿ ಬಿಟ್ಟ ತೂತು ದುಂಡಗಿರುತ್ತದೆ. ದಾರ ಹಾಯ್ದು ಎರಡು ಚರ್ಮ ಒಂದನ್ನೊಂದು ಎಳೆದಾಡಿದ ತೂತು ಅಂಚಿನ ಕಡೆಗೆ ಉದ್ದವಾಗುತ್ತದೆ, ಬೇವಿನ ಬೀಜದ ಹಾಗೆ. ನಾವು ವರ್ಷವರ್ಷ ಹಾಕುವ ತೂತುಗಳೆಲ್ಲ ದುಂಡಗೆ. ತಾಯಿಹೊದಿಕೆಯ ತೂತುಗಳು ಬೇವಿನ ಬೀಜ. ಇನ್ನೂರ ಹದಿನಾಲ್ಕೂ. ಕೆಳಗಿನಿಂದ ಒಂಬತ್ತನೆಯದರಲ್ಲಿ ಕೂದಲಿನಷ್ಟು ತೆಳ್ಳಗಿನ ಏನೋ ಒಂದು ಸಿಕ್ಕಿಕೊಂಡಿತ್ತು. ಉಗುರಿನಿಂದ ಮುಟ್ಟಿದೆ. ಕರುಳಿನ ದಾರ.

ಆಮೇಲೆ ಅಂಚನ್ನು ತಿರುಗಿಸಿ ನೋಡಿದೆ. ನಾವು ಚರ್ಮ ಕೊಯ್ಯುವುದು ಯಾವಾಗಲೂ ಮಾಂಸದ ಮೈಯಿಂದ. ಹಾಗೆ ಕೊಯ್ದರೆ ಉಣ್ಣೆಗೆ ಚಾಕು ತಾಗುವುದಿಲ್ಲ, ಅಂಚಿನಾಚೆ ಉಣ್ಣೆ ಜೋತಾಡುತ್ತದೆ. ಇಲ್ಲಿ ಉಣ್ಣೆಯೂ ಅಂಚಿನ ಸಮಕ್ಕೆ ತುಂಡಾಗಿತ್ತು. ಯಾರೋ ಹೊಲಿಗೆಯನ್ನು ಉಣ್ಣೆಯ ಮೈಯಿಂದ ಕೊಯ್ದಿದ್ದರು. ಉಣ್ಣೆ ಇರುವುದು ಒಳಗೆ, ಹೊದ್ದವರ ಕಡೆಗೆ.

ಮನೆಗೆ ಓಡಿ ಬಂದು ಅತ್ತೆಗೆ ಹೇಳಿದೆ. ನನಗೇ ಅಚ್ಚರಿಯಾಗುವಷ್ಟು ಮಾತಾಡಿದೆ. ಅವಳು ಎದ್ದು ನಿಂತಳು. ಕೈ ಹಿಡಿದುಕೊಂಡು ಮತ್ತೆ ಮಾಸ್ತರರ ಮನೆಗೆ ನಡೆಸಿಕೊಂಡು ಹೋಗೆಂದಳು. ಚಾಪೆಯ ಮೇಲೆ ಕೂತು, ಪಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಮೇಲಿನಿಂದ ಕೆಳಗೆ ಬೆರಳು ಎಳೆದಳು. ಅರ್ಧದಲ್ಲಿ ಬೆರಳು ನಿಂತಿತು.

"ನಲವತ್ತು ವರ್ಷ," ಎಂದಳು. "ನಲವತ್ತು ವರ್ಷ ಕಣ್ಣಿಂದ ನೋಡೇನಿ. ಎಣಿಸೀನಿ. ಮುಟ್ಟಿ ನೋಡಿರಲಿಲ್ಲ." ಮತ್ತೆ ಬೆರಳು ಎಳೆಯುತ್ತ ತನ್ನೊಳಗೇ ಎಂಬಂತೆ, "ಆಕೀಗೂ ಹೊದಿಕಿ ಇತ್ತು. ಇಲ್ಲೇ ಹೊಲಿದಿದ್ರು," ಎಂದಳು.

ಮಾಸ್ತರರು ಹಿತ್ತಲಿನಿಂದ ಬಂದರು. ಅವರ ಎದುರು ನನ್ನ ಮಾತು ಮತ್ತೆ ಒಣಗಿತು. ಅವರ ಮೇಜಿನ ಮೇಲಿದ್ದ ಹಾಳೆ ತೆಗೆದುಕೊಂಡು ಎಲ್ಲವನ್ನೂ ಬರೆದುಕೊಟ್ಟೆ: ತೂತಿನ ಆಕಾರ, ದಾರದ ಚೂರು, ಕೊಯ್ದ ಉಣ್ಣೆ. ಕೊನೆಗೆ ಒಂದು ಸಾಲು: ಎಡ ಅಂಚಿನವನ ಸೊಂಟದಲ್ಲಿ ಚಾಕು ಯಾಕಿತ್ತು?

ಅವರು ಕನ್ನಡಕ ಹಾಕಿಕೊಂಡು ಓದಿದರು. ಹಾಳೆಯನ್ನು ಮಡಚಿ ಮತ್ತೆ ಬಿಡಿಸಿದರು.

"ಆಕಿನ ಕೊಯ್ಕೊಂಡು ಹೋಗಿರಬಹುದಲ್ಲ? ಆಕೀನೂ ಒಳಗ ಇದ್ದಾಕಿ."

"ಇರಬಹುದ್ರಿ," ಅತ್ತೆ ಹೇಳಿದಳು. "ಚಾಕು ಮಾತ್ರ ನಿಮ್ಮ ಸೊಂಟದಾಗ ಐತಿ."

ಅವರು ತೊಟ್ಟಿಲಿನ ಕಡೆ ನೋಡಿದರು. "ಬಾಳವ್ವ, ನಿನಗ ಕೇಡು ಬಯಸಾವ ನಾ ಅಲ್ಲ. ಚೀಟಿ ಬಂದ ದಿನದಿಂದ ನನಗ ತುತ್ತು ಇಳಿವಲ್ದು. ಆದ್ರ ನಾವು ಆಗಿದ್ದನ್ನ ಮಾಡ್ತೀವಿ, ಆಗಬೇಕಾಗಿದ್ದನ್ನಲ್ಲ. ಒಂದ ವರ್ಷ ಬಿಟ್ಟಿದ್ದಕ್ಕ ಏನಾತು ಅಂತ ನಾ ಕಂಡೀನಿ. ಮುಂಜಾನೆ ನಮ್ಮವ್ವ ಕೂಸಿನ ಎತ್ತಿ ನನ್ನ ಕೈಯಾಗ ಕೊಟ್ಲು, ನೀರು ಕಾಸಾಕ ಹೋಗಾಕ. ಅದು ಎಷ್ಟು ತಣ್ಣಗಿತ್ತು ಅಂತ ಆಕೀಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ. ನಾ ಆಡಸ್ಕೊಂತ ಕೂತಿದ್ದೆ." ನನ್ನ ಹಾಳೆಯನ್ನು ಅವರು ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ತೂತು ಹಾಕವಾ ನೀಲಾ. ದಾರ ಹಾಕಬ್ಯಾಡ."

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡು ದಿನ ಡೈರಿಯಲ್ಲಿ ಏನೂ ಬರೆಯಲಿಲ್ಲ. ತೊಟ್ಟಿಲುಗಳನ್ನು ಎಣಿಸಿದೆ: ಈ ವರ್ಷ ಹದಿನೈದು ಕೂಸು. ಅವು ಒಂದು ಕಡೆ, ಅತ್ತೆ ಒಂದು ಕಡೆ. ಹಾಗೆ ತೂಗಿದರೆ ಅತ್ತೆಯೇ ಮೊದಲು, "ಹುಚ್ಚಿ, ಇದೇನ ತೂಗೂ ಮಾತೇನ?" ಎನ್ನುತ್ತಿದ್ದಳು. ಆದರೆ ಆ ಪಟ್ಟಿಯ ತೂತುಗಳು ಕಣ್ಣೆದುರಿನಿಂದ ಹೋಗಲಿಲ್ಲ. ಆಗಿದ್ದನ್ನು ಮಾಡುತ್ತೇವೆ ಎನ್ನುತ್ತಾರೆ. ಮೊದಲು ಆಗಿದ್ದು ಹೊಲಿದದ್ದು. ಕೊಯ್ದದ್ದು ಆಮೇಲೆ. ನಾವು ಇಷ್ಟು ವರ್ಷ ಆ ದಿನದ ಅರ್ಧವನ್ನು ಮಾತ್ರ ಮಾಡುತ್ತ ಬಂದಿದ್ದೇವೆ, ಅದೂ ಎರಡನೆಯ ಅರ್ಧವನ್ನು.

ಮೂರನೆಯ ದಿನ ಮುಂಜಾನೆ ಟ್ರಂಕು ತೆರೆದೆ. ಡೈರಿಗಳ ಕೆಳಗೆ, ನಾನು ಹುಟ್ಟಿದ ವರ್ಷದ ಹೊದಿಕೆಯಿಂದ ನನಗೆ ಬಂದ ನಾಲ್ಕು ಚರ್ಮಗಳಿದ್ದವು. ಅತ್ತೆಯೇ ಹೊಲಿದವು, ಅತ್ತೆಯೇ ಬಿಚ್ಚಿ ನನಗೆ ಹಾಸಿದವು. ಉಣ್ಣೆ ಅಲ್ಲಲ್ಲಿ ಗಂಟು ಕಟ್ಟಿತ್ತು. ಒಂದರ ಮೂಲೆಯಲ್ಲಿ ನಾನು ಹಲ್ಲು ಬರುವಾಗ ಕಚ್ಚಿದ ಗುರುತು. ಒದ್ದೆ ಬಟ್ಟೆಯಿಂದ ಅಂಚು ಮೆತ್ತಗೆ ಮಾಡಿ, ಕಲ್ಲಿನಿಂದ ಉಜ್ಜಿ, ಒಂದರ ಕೆಳಗೊಂದು ಜೋಡಿಸಿ ಹೊಲಿದೆ. ಹೊದಿಕೆಯ ಎಡ ಅಂಚಿಗೆ ಇನ್ನೂರ ಹದಿನಾಲ್ಕು ತೂತು ಹಾಕಿದೆ. ಆಮೇಲೆ ದಾರಕ್ಕೆ ಕೊಬ್ಬು ಸವರಿ, ಮೊದಲನೆಯ ತೂತಿಗೆ ಪೋಣಿಸಿದೆ.

ಅತ್ತೆ ಬಾಗಿಲ ಬೆಳಕಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ದಾರ ಚರ್ಮದಲ್ಲಿ ಹಾಯುವಾಗ ಸಣ್ಣ ಶಬ್ದವಾಗುತ್ತದೆ. ಬರಿ ತೂತು ಹಾಕುವಾಗ ಆ ಶಬ್ದವಿಲ್ಲ. ಅವಳಿಗೆ ತಿಳಿಯದೆ ಇರಲು ಸಾಧ್ಯವಿಲ್ಲ.

"ಉಣ್ಣಿ ಹೊಲಿಗ್ಯಾಗ ಸಿಗಿಸಬ್ಯಾಡ," ಎಂದಳು. "ಸೂಜಿ ಹಿಂಬದಿಯಿಂದ ಒಳಗ ತಳ್ಳು." ಅಷ್ಟೇ ಹೇಳಿದಳು.

ಮಲಗುವ ದಿನ ಬಿಸಿಲು ಮುಂಜಾನೆಯೇ ಚುರುಗುಟ್ಟುತ್ತಿತ್ತು. ಹದಿನೆಂಟು ಮಂದಿ ಬರಿಗಾಲಲ್ಲಿ ಸಾಲಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಮಲಗಿದರು. ಕೆಮ್ಮುವವನು ಕೆಮ್ಮಿದ. ಮಾಸ್ತರರು ಚಾಕು ಸಿಕ್ಕಿಸಿಕೊಂಡು ಎಡ ತುದಿಯಲ್ಲಿ ಅಂಗಾತ ಮಲಗಿದರು. ಅವರಿಂದ ಒಂದು ಮೊಳ ಆಚೆ ಅತ್ತೆಯನ್ನು ಕೂಡಿಸಿ, ತೋಳು ಹಿಡಿದು ಮಲಗಿಸಿದೆ. ಅವಳ ಬೆನ್ನು ನೆಲಕ್ಕೆ ತಾಗಿದೊಡನೆ ಉಸಿರು ಬೆಳ್ಳಗೆ ಕಾಣಿಸಿತು. ನನ್ನ ಹಣೆಯಿಂದ ಬೆವರು ಅವಳ ಕೆನ್ನೆಗೆ ಬಿತ್ತು. ಒರೆಸಲು ಹೋದರೆ ಅದು ಆಗಲೇ ಮಣಿಯಾಗಿತ್ತು.

ಹೊದಿಕೆ ಎಳೆದೆ. ಹೊಲಿದ ನಾಲ್ಕು ಚರ್ಮವನ್ನು ಒಳಮಡಚಿ ಇಟ್ಟಿದ್ದೆ. ಅದು ಮಾಸ್ತರರ ಎಡಮಗ್ಗುಲಿನ ಮೇಲೆ ಎರಡು ಪದರವಾಗಿ ಬಿತ್ತು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಅಷ್ಟು ವರ್ಷ ಆ ಅಂಚಿನಲ್ಲಿ ಮಲಗಿದವರಿಗೆ ಭಾರದ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ? ಆದರೂ ಮತ್ತೆ ಕಣ್ಣು ಮುಚ್ಚಿಕೊಂಡರು.

ನಾನು ಆಗಲೇ ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಸುತ್ತ ಊರಿಗೆ ಊರೇ ನಿಂತಿತ್ತು, ಕೂಸುಗಳನ್ನು ತೊಟ್ಟಿಲಲ್ಲಿ ಮಲಗಿಸಿ ಬಂದ ತಾಯಂದಿರೂ ನಿಂತಿದ್ದರು. ಹೊಲಿಗೆ ನೋಡುವ ನೆಪದಲ್ಲಿ ಬಲ ತುದಿಯವರೆಗೆ ಹೋದೆ, ಮರಳಿ ಬಂದೆ. ಅತ್ತೆಯ ತುಟಿ ಅಲ್ಲಾಡುತ್ತಿತ್ತು. ಬಾಗಿ ಕೇಳಿದೆ. ದುಂಡವ್ವ ಹೇಳಿದ ಹಾಗೆ ಬಯ್ಯುತ್ತಿದ್ದಳು: "ಹಾಳಾಗಿ ಹೋಗ… ನಿನ್ನ ಬಾಯಿಗೆ ಮಣ್ಣು ಹಾಕ…" ಯಾರನ್ನು ಎಂದು ತಿಳಿಯಲಿಲ್ಲ. ಇನ್ನೊಂದು ಸುತ್ತು ಹೋಗಿ ಬಂದೆ. ಹುಬ್ಬಿನ ಮೇಲೆ ಹಿಮ ಕೂತಿತ್ತು, ಬೈಗುಳ ನಿಂತಿತ್ತು. ತುಟಿಯ ಮೇಲೆ ಒಂದು ನಗೆ ಬಂದಿತ್ತು. ಚೊಲೋ ಅನ್ನಿಸುತ್ತಿತ್ತು ಅವಳಿಗೆ.

ನನ್ನ ನೆರಳು ಇನ್ನೂ ಎರಡು ಹೆಜ್ಜೆ ಉದ್ದವಿತ್ತು.

ಮಂಡಿಯೂರಿ, ಚಳಿಯೊಳಗೆ ಕೈ ಅದ್ದಿ, ಮಡಿಕೆ ಬಿಡಿಸಿ ನಾಲ್ಕು ಚರ್ಮವನ್ನು ಅವಳ ಮೇಲೆ ಎಳೆದೆ. ನಿಂತವರಲ್ಲಿ ಯಾರೋ ಕೂಗಿದರು. ಒಬ್ಬ ತಾಯಿ, "ಅಯ್ಯೋ, ಕೂಸುಗೋಳು!" ಎಂದಳು. ಹೊದಿಕೆಯ ಕೆಳಗೆ ಮಾಸ್ತರರ ಬಲಗೈ ಸೊಂಟದ ಕಡೆಗೆ ಸರಿಯುವುದು ಉಬ್ಬಿನಲ್ಲಿ ಕಾಣಿಸಿತು. ಆಮೇಲೆ ಒಳಗಿನಿಂದ ಚಾಕುವಿನ ಮೊನೆ ಹೊಲಿಗೆಯ ಮೇಲಿನ ತುದಿಯಲ್ಲಿ, ಮೊದಲನೆಯ ತೂತಿನ ಹತ್ತಿರ, ಹೊರಗೆ ಬಂತು.

"ಮಾಸ್ತರ," ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಬಯಲೆಲ್ಲ ಕೇಳಿತು. "ಇಲ್ಲೀತನಕ ಆಗಿದ್ದ ಇದು. ಹೊಲಿದಿದ್ರು. ಇದರ ಮುಂದಿಂದು ನಿಮ್ಮ ಕೈಯಾಗ ಐತ್ರಿ. ಆಗ ಎಡ ಅಂಚಿನಾವನ ಕೈಯಾಗ ಇದ್ದಂಗ."

ಚಾಕು ಅಲ್ಲಾಡಲಿಲ್ಲ. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮಾಸ್ತರರ ಕಣ್ಣು ಆಕಾಶದಲ್ಲಿತ್ತು. ಅವರ ರೆಪ್ಪೆಯ ಮೇಲೂ ಹಿಮ ಇತ್ತು, ಒಂದು ಕಣ್ಣಿನದು ಕರಗಿ ಕಿವಿಯ ಕಡೆಗೆ ಇಳಿಯುತ್ತಿತ್ತು.

"ಬಾಳವ್ವ," ಎಂದರು ಅವರು ಮೆಲ್ಲಗೆ, ತಲೆ ತಿರುಗಿಸದೆ. ಆಮೇಲೆ ದನಿ ಏರಿಸಿದರು. "ಬಾಳವ್ವ, ಏ ಬಾಳವ್ವ!"

ಬಹಳ ಹೊತ್ತಿನ ಮೇಲೆ, ಉಣ್ಣೆಯ ಒಳಗಿನಿಂದ, "ಒದರಬ್ಯಾಡ್ರಿ, ಕಿವಿ ಕೇಳಸ್ತೈತಿ. ಕುರುಡಿ ನಾ, ಕಿವುಡಿ ಅಲ್ಲ," ಎಂದಳು ಅತ್ತೆ.

ಚಾಕುವಿನ ಮೊನೆ ಒಳಗೆ ಸರಿಯಿತು.

ನೆರಳು ನನ್ನ ಕಾಲ ಕೆಳಗೆ ಬಂದಾಗ ಎದ್ದರು. ನಾನು ಎಣಿಸಿದೆ, ಎಲ್ಲರೂ ಎಣಿಸಿದರು. ಹತ್ತೊಂಬತ್ತು. ಯಾರೂ ಸಂತೋಷಪಡಲಿಲ್ಲ. ಅತ್ತೆಯನ್ನು ದುಂಡವ್ವ ತೊಡೆಯ ಮೇಲೆ ಹಾಕಿಕೊಂಡು ಅಂಗಾಲು ಉಜ್ಜುತ್ತಿದ್ದಳು. ಉಳಿದ ಹೆಂಗಸರೆಲ್ಲ ತೊಟ್ಟಿಲು ನೋಡಲು ಊರಿನ ಕಡೆಗೆ ಓಡಿದರು. ಮಾಸ್ತರರು ಹೊರಟರು. ಅವರ ಹಿಂದೆ ನಾನು.

ಬಿಸಿಲ ಬೀದಿಯಲ್ಲಿ ಮನೆಯಿಂದ ಮನೆಗೆ ಹೋದೆವು. ನಾನು ಎಂದೂ ಒಳಗೆ ಕಾಲಿಡದ ಮನೆಗಳು. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಒಂದೊಂದು ತೊಟ್ಟಿಲಿಗೂ ಮಾಸ್ತರರು ಬಾಗಿ, ಕೂಸಿನ ಪಾದ ಮುಟ್ಟಿ, ತಲೆಯಾಡಿಸಿ ಹೊರಗೆ ಬರುತ್ತಿದ್ದರು. ಹದಿನಾಲ್ಕು ತೊಟ್ಟಿಲು. ಹದಿನೈದನೆಯದು ಅವರದೇ ಮನೆಯಲ್ಲಿ.

ಮೊಮ್ಮಗಳು ಎಚ್ಚರವಾಗಿದ್ದಳು. ಹೊದ್ದದ್ದನ್ನೆಲ್ಲ ಒದ್ದು ಕೆಳಗೆ ಹಾಕಿದ್ದಳು. ಮಾಸ್ತರರು ಅವಳ ಎಡಪಾದ ಮುಟ್ಟಿದವರು ಕೈ ತೆಗೆಯಲಿಲ್ಲ. "ನೀಲಾ," ಎಂದರು. ನಾನು ಮುಟ್ಟಿದೆ. ತಣ್ಣಗಿತ್ತು. ಬರಿಮೈಯಲ್ಲಿ ಮಲಗಿದ ಕೂಸಿನ ಪಾದ ತಣ್ಣಗಿರುವುದು ಸಹಜವೋ, ಅಥವಾ ಅದೇ ಚಳಿಯೋ, ಮುಟ್ಟಿದರೆ ಹೇಗೆ ತಿಳಿಯಬೇಕು? ಅವರ ಸೊಸೆ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

ಮಾಸ್ತರರು ನೆಲದ ಮೇಲೆ ಕೂತು ಆ ಪಾದವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು. ಅವರ ಕೈಯೂ ಇನ್ನೂ ತಣ್ಣಗಿತ್ತು. ನಾನು ಅವರ ಕೈಯ ಮೇಲೆ ನನ್ನ ಕೈಯಿಟ್ಟೆ. ನಿಂತು ಬೆವೆತ ಕೈ, ಬಿಸಿಯಾಗಿತ್ತು. ಹಾಗೇ ಕೂತೆವು. ಹೊರಗೆ ಜನ ಬಂದು ಅಂಗಳದಲ್ಲಿ ನಿಲ್ಲುವುದು ಕೇಳಿಸುತ್ತಿತ್ತು. ಕೂಸು ನಮ್ಮಿಬ್ಬರನ್ನೂ ಬೇಸರದಿಂದ ನೋಡಿತು. ಪಾದ ಎಳೆದುಕೊಳ್ಳಲು ಹವಣಿಸಿತು. ಆಮೇಲೆ ಇನ್ನೊಂದು ಕಾಲಿನಿಂದ ಮಾಸ್ತರರ ಮೂಗಿಗೆ ಒದೆಯಿತು.

"ಬೆಚ್ಚಗೈತಿ," ಎಂದರು ಅವರು. ಮತ್ತೆ ಮುಟ್ಟಿ ನೋಡಿ, "ಬೆಚ್ಚಗಾತು," ಎಂದರು.

ಅವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಸೊಂಟದ ಚಾಕು ತೆಗೆದು, ತಾಯಿಹೊದಿಕೆಯ ಪೆಟ್ಟಿಗೆ ತೆರೆದು, ಬೇವಿನೆಲೆಯ ಮೇಲೆ ಇಟ್ಟರು. ಜೇಬಿನಿಂದ ನನ್ನ ಹಾಳೆಯನ್ನೂ ತೆಗೆದು ಅದರ ಪಕ್ಕಕ್ಕಿಟ್ಟರು. ಮುಚ್ಚಳ ಹಾಕಿ, ನನ್ನ ಕಡೆ ನೋಡದೆಯೇ ಹೇಳಿದರು:

"ಎಪ್ಪತ್ತಾರು ಚರ್ಮ ಹದ ಮಾಡಾಕ ಹೇಳು. ಬರೂ ವರ್ಷಾನೂ ಆಗಿದ್ದನ್ನ ಮಾಡೋಣು."